ದಿಕ್ಕಿಲ್ಲದ ಬಾಲಕರ ಬಂಧು

ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಟಲಿಯ ಟ್ಯೂರಿನ್ ನಗರವು ಭರದಿಂದ ಬೆಳೆಯುತ್ತಿತ್ತು. ಹಳ್ಳಿಗಳಲ್ಲಿ ಹೊಟ್ಟೆಗಿಲ್ಲದ ಬಾಲಕರು ಗಾರೆಕೆಲಸವನ್ನೋ ಚಿಮಣಿ ಗುಡಿಸುವ ಕೆಲಸವನ್ನೋ ಅರಸಿ ಅಲ್ಲಿಗೆ ಬರುತ್ತಿದ್ದರು. ಕೆಲಸ ತಪ್ಪಿದವರಿಗೆ ಬೀದಿಯೇ ಮನೆ. ಹಸಿವು ಕೆಲವರನ್ನು ಕಳ್ಳತನಕ್ಕೂ, ಅಲ್ಲಿಂದ ಸೆರೆಮನೆಗೂ ಒಯ್ಯುತ್ತಿತ್ತು. 1841ರಲ್ಲಿ ಗುರುದೀಕ್ಷೆ ಪಡೆದ ತರುಣ ಪಾದ್ರಿ ಜಾನ್ ಬಾಸ್ಕೋ ಅವರು ಆ ಸೆರೆಮನೆಗಳಿಗೆ ಹೋಗಿಬರತೊಡಗಿದರು. ಬಿಡುಗಡೆಯಾದ ಹುಡುಗರೇ ಮರಳಿ ಒಳಗೆ ಬರುತ್ತಿದ್ದುದನ್ನು ಕಂಡು ಅವರ ಮನಸ್ಸು ನೊಂದಿತು. ಹೊರಗೆ ಆ ಹುಡುಗರಿಗಾಗಿ ಕಾದಿರುವವರು ಯಾರೂ ಇರಲಿಲ್ಲ.

ಬಾಸ್ಕೋ ಅವರಿಗೆ ಬಡತನವು ಪರರ ಕಥೆಯಾಗಿರಲಿಲ್ಲ. 1815ರಲ್ಲಿ ಬೆಕ್ಕಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ಅವರ ಓದಿಗೆ ಮಲಸೋದರನ ವಿರೋಧವಿದ್ದುದರಿಂದ ಮನೆ ಬಿಟ್ಟು ಪರರ ಹೊಲದಲ್ಲಿ ಆಳಾಗಿ ದುಡಿದರು. ಸಂತೆಜಾತ್ರೆಗಳ ದೊಂಬರಾಟವನ್ನು ನೋಡಿ ಹಗ್ಗದ ಮೇಲೆ ನಡೆಯಲು ಕಲಿತು ಊರ ಮಕ್ಕಳನ್ನು ರಂಜಿಸುತ್ತಿದ್ದರು. ಆಟ ನೋಡಬೇಕಾದರೆ ಪ್ರಾರ್ಥನೆಯಲ್ಲಿ ಸೇರಬೇಕಾಗಿತ್ತು!

1841ರ ಡಿಸೆಂಬರ್ 8ರಂದು ಪೂಜೆಗೆ ನೆರವಾಗಲು ಬಾರದ ಅನಾಥ ಹುಡುಗನೊಬ್ಬನನ್ನು ಚರ್ಚಿನ ಸೇವಕನು ಹೊಡೆದು ಅಟ್ಟಿದನು. ಬಾಸ್ಕೋ ಅವನನ್ನು ಮರಳಿ ಕರೆಸಿದರು. ಅವನಿಗೆ ಓದು ಬಾರದು, ಹಾಡು ಬಾರದು. ಸಿಳ್ಳೆ ಹಾಕಲು ಬರುವುದೇ ಎಂದು ಕೇಳಿದಾಗ ಹುಡುಗ ನಕ್ಕನು. ಅವನು ಮತ್ತೆ ಬಂದನು, ಗೆಳೆಯರೂ ಬಂದರು. ಈ ಗದ್ದಲದ ಗುಂಪನ್ನು ನೆರೆಹೊರೆಯವರು ಸಹಿಸದೆ ಹೋದುದರಿಂದ ಅದು ಎಡೆಯಿಂದ ಎಡೆಗೆ ಅಲೆದು, 1846ರಲ್ಲಿ ವಾಲ್ಡೊಕ್ಕೊದ ಒಂದು ಕೊಟ್ಟಿಗೆಯಲ್ಲಿ ನೆಲೆ ಕಂಡಿತು. ಬಾಸ್ಕೋ ಅವರಿಗೆ ಬುದ್ಧಿ ಕೆಟ್ಟಿದೆಯೆಂದು ಕೆಲವರು ಬಗೆದರು. ಅದೇ ವರ್ಷ ತಾಯಿ ಮಾರ್ಗರೀಟಾ ಹಳ್ಳಿಯನ್ನು ಬಿಟ್ಟು ಬಂದು, ಮುಂದಿನ ಹತ್ತು ವರ್ಷ ಆ ಮಕ್ಕಳಿಗೆ ಅಡಿಗೆ ಮಾಡಿ ಬಡಿಸಿದರು, ಹರಿದ ಬಟ್ಟೆ ಹೊಲಿದರು.

ದಿಕ್ಕಿಲ್ಲದವನಿಗೆ ಮಾಡಿದ ಸೇವೆ ಕ್ರಿಸ್ತನಿಗೇ ಸಲ್ಲುವುದೆಂಬುದು ಬಾಸ್ಕೋ ಅವರ ನಂಬಿಕೆ. ಆದರೆ ಅವರು ಉಪದೇಶದಲ್ಲಿಯೇ ನಿಲ್ಲಲಿಲ್ಲ. 1852ರಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಸೇರಿಸಿದಾಗ ಛಾಪಾಕಾಗದದ ಮೇಲೆ ಕರಾರು ಬರೆಯಿಸಿದರು. ಯಜಮಾನನು ಕಸುಬಿಗೆ ಸೇರದ ಕೆಲಸವನ್ನು ಹೇಳಬಾರದು. ತಪ್ಪಿದರೆ ಮಾತಿನಿಂದ ತಿದ್ದಬೇಕೇ ಹೊರತು ಕೈಯೆತ್ತಬಾರದು. ಹಬ್ಬದ ದಿನಗಳಲ್ಲಿ ಬಿಡುವು, ವರ್ಷಕ್ಕೆ ಹದಿನೈದು ದಿನ ರಜೆ ಕೊಡಬೇಕು. ಹುಡುಗನಿಗೂ ವಿಧೇಯತೆ, ಶ್ರದ್ಧೆಗಳ ಕಟ್ಟಳೆಯಿತ್ತು. ಯಜಮಾನನ ಮತ್ತು ಹುಡುಗನ ಸಹಿಗಳೊಡನೆ ಬಾಸ್ಕೋ ಅವರ ಸಹಿಯೂ ಬಿದ್ದಿತು. ಅವರು ಕಟ್ಟಿಸಿದ ದೊಡ್ಡ ಕಟ್ಟಡಗಳಿಗಿಂತ ಈ ಒಂದು ಕಾಗದವೇ ನನಗೆ ಹಿರಿದಾಗಿ ತೋರುತ್ತದೆ. ಬೀದಿಯ ಹುಡುಗನ ಪರವಾಗಿ ಹೊಣೆ ಹೊತ್ತು ಸಹಿ ಹಾಕುವವರು ಅಂದು ಎಷ್ಟು ಜನರಿದ್ದರು? ಮರುವರ್ಷದಿಂದ ವಾಲ್ಡೊಕ್ಕೊದಲ್ಲಿಯೇ ಚಮ್ಮಾರಿಕೆ, ಹೊಲಿಗೆ ಮೊದಲಾದ ಕಸುಬುಗಳ ಶಾಲೆಗಳು ತೆರೆದವು.

1859ರಲ್ಲಿ ಅವರು ಸ್ಥಾಪಿಸಿದ ಸಲೇಸಿಯನ್ ಸಭೆಗೆ ಅವರೇ ಸಾಕಿ ಬೆಳೆಸಿದ ಹುಡುಗರು ಸೇರಿದರು. 1888ರ ಜನವರಿ 31ರಂದು ಬಾಸ್ಕೋ ತೀರಿಕೊಂಡರು. 1934ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಸಲೇಸಿಯನ್ನರು 1906ರಲ್ಲಿ ಭಾರತಕ್ಕೆ ಬಂದರು. 1980ರಲ್ಲಿ ಅವರು ಆರಂಭಿಸಿದ ಬೆಂಗಳೂರು ಓಣಿಯವರ ಸೇವಾ ಕೂಟದ ಕಾರ್ಯಕರ್ತರು, ಮನೆ ಬಿಟ್ಟು ಬಂದ ಮಕ್ಕಳನ್ನು ನಗರದ ರೈಲು ನಿಲ್ದಾಣದಲ್ಲಿಯೂ ಬಸ್ಸು ನಿಲ್ದಾಣದಲ್ಲಿಯೂ ಗುರುತಿಸಿ ಮಾತನಾಡಿಸುತ್ತಾರೆ.