ವಿಶ್ವದ ವಯಸ್ಸನ್ನು ಅರಸಿದ ಗುರು: ಜಾರ್ಜ್ ಲೆಮೇತ್ರ್

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಾರ್ಯಾರಂಭ ಮಾಡಿದ್ದು 1923ರಲ್ಲಿ. ಅದೇ ವರ್ಷ ಬೆಲ್ಜಿಯಂ ದೇಶದಲ್ಲಿ ಜಾರ್ಜ್ ಲೆಮೇತ್ರ್ ಎಂಬ ತರುಣರು ಗುರುದೀಕ್ಷೆ ಪಡೆದರು. ಈ ಎರಡಕ್ಕೂ ಏನು ನಂಟು ಎಂದು ಶಿವಮೊಗ್ಗ, ಭದ್ರಾವತಿಗಳ ನಮ್ಮ ಕುಟುಂಬಗಳು ಕೇಳಬಹುದು. ಕಾರ್ಖಾನೆಗೆ ಅದಿರನ್ನಿತ್ತ ಕೆಮ್ಮಣ್ಣುಗುಂಡಿಯ ಬೆಟ್ಟವೇ ಅದಕ್ಕೆ ಉತ್ತರ ಹೇಳುತ್ತದೆ.

ಲೆಮೇತ್ರ್ ಜನಿಸಿದ್ದು 1894ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದ ಸೈನಿಕರಾಗಿದ್ದು, ಅನಂತರ ಗುರುಮಠವನ್ನು ಸೇರಿದರು. ದೀಕ್ಷೆಯ ಬಳಿಕ ಕೇಂಬ್ರಿಜ್‌ನಲ್ಲಿಯೂ ಅಮೆರಿಕದಲ್ಲಿಯೂ ಅಭ್ಯಾಸ ಮಾಡಿ, ಲೂವೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ವಿಶ್ವವು ಹಿಗ್ಗುತ್ತಿದೆ ಎಂಬುದನ್ನು 1927ರಲ್ಲಿ ಗಣಿತದಿಂದ ತೋರಿಸಿದರು. ಹಿಗ್ಗುತ್ತಿರುವುದು ಒಮ್ಮೆ ಅತಿ ಕಿರಿದಾಗಿದ್ದಿರಬೇಕಲ್ಲವೇ? ಸಕಲವೂ ಒಂದು ಆದಿ ಪರಮಾಣುವಿನಿಂದ ಹೊರಟಿತೆಂಬ ವಿಚಾರವನ್ನು ಅವರು 1931ರಲ್ಲಿ ಮುಂದಿಟ್ಟರು.

ಆದರೆ ಒಂದು ತೊಡಕು ಎದುರಾಯಿತು. ಹಿಗ್ಗುವಿಕೆಯ ಅಂದಿನ ಅಳತೆಯಿಂದ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ ಮಾತ್ರ ಎಂದು ತೋರುತ್ತಿತ್ತು. 1940ರ ದಶಕದಲ್ಲಿ ಭೂಮಿಗೆ 300 ಕೋಟಿ ವರ್ಷಗಳಾಗಿವೆಯೆಂದು ಶಿಲೆಗಳು ಸೂಚಿಸಿದವು. ನಮ್ಮ ಬಾಬಾಬುಡನ್ ಗಿರಿಶ್ರೇಣಿಯ ಕಬ್ಬಿಣದ ಶಿಲೆಗಳೇ 250 ಕೋಟಿ ವರ್ಷಗಳಿಗಿಂತ ಹಳೆಯವು. ತಾಯಿಗಿಂತ ಮಗಳೇ ಹಿರಿಯಳೆಂದಂತಾಯಿತು! ಹಲವರು ಆದಿ ಪರಮಾಣುವಿನ ವಿಚಾರವನ್ನೇ ತಳ್ಳಿಹಾಕಿದರು. ಲೆಮೇತ್ರ್ ಎದೆಗುಂದದೆ ಲೆಕ್ಕವನ್ನು ಮುಂದುವರಿಸಿದರು.

ಈ ತೊಡಕು ಬಗೆಹರಿಯುವ ಮೊದಲೇ, 1951ರಲ್ಲಿ, ಜಗದ್ಗುರು ಹನ್ನೆರಡನೆಯ ಪಯಸ್ ಅವರು ತಮ್ಮ ಭಾಷಣದಲ್ಲಿ ಹೊಸ ವಿಜ್ಞಾನವು ದೇವರ ಸೃಷ್ಟಿಕಾರ್ಯಕ್ಕೆ ಸಾಕ್ಷಿ ನುಡಿಯುತ್ತಿದೆ ಎಂಬರ್ಥದಲ್ಲಿ ಸಂತಸ ವ್ಯಕ್ತಪಡಿಸಿದರು. ಇದು ಲೆಮೇತ್ರ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ದೃಷ್ಟಿಯಲ್ಲಿ ಆದಿ ಪರಮಾಣು ಭೌತವಿಜ್ಞಾನದ ಊಹೆ. ಸೃಷ್ಟಿ ವಿಶ್ವಾಸದ ಸತ್ಯ. ಅಂದು ವಿಶ್ವಾಸವನ್ನು ಆ ಊಹೆಗೆ ಕಟ್ಟಿಹಾಕಿದ್ದರೆ, ಬೆಟ್ಟದ ಒಂದು ಕಲ್ಲೇ ನಮ್ಮ ವಿಶ್ವಾಸವನ್ನು ಅಲುಗಾಡಿಸುತ್ತಿತ್ತಲ್ಲವೇ?

ಮರುವರ್ಷವೇ ರೋಮಿನಲ್ಲಿ ನಡೆದ ಖಗೋಳ ವಿಜ್ಞಾನಿಗಳ ಸಮಾವೇಶದಲ್ಲಿ, ನಕ್ಷತ್ರಪುಂಜಗಳ ದೂರದ ಅಳತೆಯೇ ತಪ್ಪಿತ್ತೆಂದು ವಾಲ್ಟರ್ ಬಾಡೆ ತಿಳಿಸಿದರು. ವಿಶ್ವದ ವಯಸ್ಸು ಇಮ್ಮಡಿಯಾಯಿತು. ಮುಂದೆ ಇನ್ನೂ ಬೆಳೆಯಿತು. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷಗಳೆಂದು 1956ರಲ್ಲಿ ಉಲ್ಕಾಶಿಲೆಗಳಿಂದ ದೃಢಪಟ್ಟಿತು. ಇಂದು ನಾವು ಬಲ್ಲಂತೆ ಸೌರಮಂಡಲಕ್ಕೆ ಸುಮಾರು 460 ಕೋಟಿ, ವಿಶ್ವಕ್ಕೆ 1,380 ಕೋಟಿ ವರ್ಷ. ವಿಶ್ವದ ಆಯುಸ್ಸನ್ನು ನಡುರಾತ್ರಿಯಿಂದ ನಡುರಾತ್ರಿಯವರೆಗಿನ ಒಂದು ದಿನವೆಂದು ಎಣಿಸಿದರೆ, ನಮ್ಮ ಸೂರ್ಯ ಹುಟ್ಟಿದ್ದು ಸಂಜೆ 4 ಗಂಟೆಗೆ. ಅದಕ್ಕೆ ಮೊದಲೇ ಬಾಳಿ ಅಳಿದ ನಕ್ಷತ್ರಗಳ ಒಡಲಲ್ಲಿ ಕೆಮ್ಮಣ್ಣುಗುಂಡಿಯ ಕಬ್ಬಿಣ ರೂಪುಗೊಂಡಿತ್ತು.

ಲೆಮೇತ್ರ್ 1960ರಿಂದ ಜಗದ್ಗುರುಗಳ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 1966ರ ಜೂನ್ 20ರಂದು ದೈವಾಧೀನರಾದರು. ವಿಶ್ವದ ಆದಿಯ ತಾಪದ ಉಳಿಕೆಯಾದ ಕಿರಣಗಳು ಪತ್ತೆಯಾದ ಸುದ್ದಿ ಅವರಿಗೆ ರೋಗಶಯ್ಯೆಯಲ್ಲಿ ತಲುಪಿತು. ದೀರ್ಘಕಾಲ ಕಾದವರಿಗೆ ದೊರೆತ ಸಾಂತ್ವನವದು.

ಶಾಲೆಯ ಪಾಠವನ್ನೂ ಆದಿಕಾಂಡವನ್ನೂ ಓದಿ ಮಕ್ಕಳು ಗೊಂದಲಗೊಂಡಾಗ ನಾವು ಗದರಿಸಬೇಕಾಗಿಲ್ಲ. ಈ ಗುರುವಿನ ಕಥೆಯನ್ನು ಹೇಳೋಣ. ಸತ್ಯವು ಸತ್ಯಕ್ಕೆ ವೈರಿಯಲ್ಲ. ಅದನ್ನು ಕಾಣಲು ತಾಳ್ಮೆ ಬೇಕು.