ಆಟ ಬಿಡೋದಾ, ಟೀಮ್ ಬಿಡೋದಾ? ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಕಥೆ

ಪ್ರತಿ ಸೆಮಿಸ್ಟರ್ ಶುರುವಾದಾಗ ಕಾಲೇಜ್ ಟೀಮಿನ ವಾಟ್ಸಾಪ್ ಗ್ರೂಪಿನಿಂದ ಒಬ್ಬಿಬ್ಬರು ಸದ್ದಿಲ್ಲದೆ ಹೊರಗೆ ಹೋಗ್ತಾರೆ. ಯಾಕಪ್ಪಾ ಅಂತ ಕೇಳಿದರೆ ಬರೋ ಉತ್ತರ ಒಂದೇ: ಇಂಟರೆಸ್ಟ್ ಹೋಯ್ತು. ಹೈಸ್ಕೂಲಿನಿಂದ ಬೆಳಗ್ಗೆ ಐದಕ್ಕೆದ್ದು ಪ್ರಾಕ್ಟೀಸ್ ಮಾಡಿದವರು, ಮೊಣಕಾಲು ಕಿತ್ತುಹೋದರೂ ಆಡಿದವರು, ಒಂದು ದಿನ ಶೂ ಕಟ್ಟಿ ಮಂಚದ ಕೆಳಗೆ ತಳ್ಳಿಬಿಡ್ತಾರೆ. ಕೆಲವರಿಗೆ ನಿಜವಾಗಿಯೂ ಆಟ ಸಾಕಾಗಿರುತ್ತೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇನ್ನು ಕೆಲವರಿಗೆ ಆಟ ಸಾಕಾಗಿರೋದಿಲ್ಲ, ಬೇರೇನೋ ಸಾಕಾಗಿರುತ್ತೆ. ಅದನ್ನು ಹೇಳೋಕೆ ಆಗದೆ ಇಂಟರೆಸ್ಟ್ ಅನ್ನೋ ಪದದ ಹಿಂದೆ ನಿಂತುಕೊಳ್ತಾರೆ.

ಈ ಸಲದ ವ್ಯಕ್ತಿ ಪರಿಚಯಕ್ಕೆ ಪಾಲ್ವಂಕರ್ ಬಾಲೂ ಅವರನ್ನು ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರ್ ಅವರು. ಟೀಮ್ ಬಿಟ್ಟು ಹೋಗೋದಕ್ಕೆ ಅವರಿಗಿದ್ದಷ್ಟು ಕಾರಣ ನಮ್ಮ ಕ್ಯಾಂಪಸ್ಸಿನಲ್ಲಿ ಯಾರಿಗೂ ಇರಲಿಕ್ಕಿಲ್ಲ. ಅವರು ಬಿಡಲಿಲ್ಲ. ಬಿಟ್ಟಿದ್ದು ಅವರ ತಮ್ಮಂದಿರು, ಅದೂ ಅಣ್ಣನಿಗೆ ಆದ ಅನ್ಯಾಯ ನೋಡಿ. ಎರಡೂ ನಿರ್ಧಾರಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ರೋಲರ್ ಎಳೆದ ಹುಡುಗ

ಬಾಲೂ ಹುಟ್ಟಿದ್ದು 1870ರ ದಶಕದಲ್ಲಿ, ಧಾರವಾಡದಲ್ಲಿ. ಮನೆತನದ ಮೂಲ ಕೊಂಕಣದ ಪಾಲ್ವಣ ಅನ್ನೋ ಹಳ್ಳಿ, ಅದರಿಂದಲೇ ಪಾಲ್ವಂಕರ್ ಅನ್ನೋ ಹೆಸರು. ಚರ್ಮದ ಕೆಲಸ ಮಾಡುವ ಸಮುದಾಯ. ಆಗಿನ ಊರ ಮಂದಿಯ ಲೆಕ್ಕದಲ್ಲಿ ಮುಟ್ಟಬಾರದವರು. ತಂದೆಯ ನೌಕರಿಯ ಜೊತೆ ಕುಟುಂಬ ಪುಣೆಗೆ ಹೋಯಿತು. ಅಲ್ಲಿ ಬ್ರಿಟಿಷ್ ಅಧಿಕಾರಿಗಳು ಬಿಸಾಡಿದ ಬ್ಯಾಟು, ಚೆಂಡು ಹಿಡಿದು ಬಾಲೂ ಮತ್ತು ತಮ್ಮ ಶಿವರಾಮ್ ಕ್ರಿಕೆಟ್ ಕಲಿತರು.

ಬಾಲೂಗೆ ಸಿಕ್ಕ ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು, ಯಾರಾದರೂ ಕರೆದರೆ ನೆಟ್ಸಿನಲ್ಲಿ ನಾಲ್ಕು ಚೆಂಡು ಹಾಕೋದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಬ್ರಿಟಿಷರ ಪೂನಾ ಕ್ಲಬ್ಬಿಗೆ ಹೋದಾಗ ಸಂಬಳ 4 ರೂಪಾಯಿ ಆಯಿತು. ಕೆಲಸ ಹೆಚ್ಚುಕಡಿಮೆ ಅದೇ: ನೆಟ್ ಕಟ್ಟೋದು, ಮೈದಾನಕ್ಕೆ ಗೆರೆ ಹಾಕೋದು, ಬೇಕಾದರೆ ಟೆನಿಸ್ ಕೋರ್ಟಿಗೂ ಗೆರೆ ಎಳೆಯೋದು. ಅಲ್ಲಿನ ಒಬ್ಬ ಸದಸ್ಯ ಹುರಿದುಂಬಿಸಿದ ಮೇಲೆ ನೆಟ್ಸಿನಲ್ಲಿ ಹೆಚ್ಚು ಹೆಚ್ಚು ಬೌಲಿಂಗ್ ಮಾಡತೊಡಗಿದ.

ಎಡಗೈ ಸ್ಪಿನ್. ನಿಧಾನ, ಆದರೆ ಚೆಂಡು ಎರಡೂ ಕಡೆ ತಿರುಗುತ್ತಿತ್ತು. ಆ ಕಾಲದಲ್ಲಿ ಭಾರತದಲ್ಲಿದ್ದ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗಳ ಪೈಕಿ ಅತ್ಯುತ್ತಮ ಅನ್ನಿಸಿಕೊಂಡ ಕ್ಯಾಪ್ಟನ್ ಗ್ರೆಗ್, ಬೇರೆಯವರಿಗಿಂತ ಮುಂಚೆ ಮೈದಾನಕ್ಕೆ ಬಂದು ಬಾಲೂ ಎದುರು ಪ್ರಾಕ್ಟೀಸ್ ಮಾಡ್ತಿದ್ದರಂತೆ. ಒಂದು ಸಲ ಔಟ್ ಮಾಡಿದರೆ ಎಂಟಾಣೆ ಇನಾಮು ಅನ್ನೋ ಕಥೆಯೂ ಇದೆ. ಕಥೆ ನಿಜವಾದರೆ, ತಿಂಗಳ ಸಂಬಳಕ್ಕೆ ಸಮ ಆಗೋಕೆ ಎಂಟು ಸಲ ಔಟ್ ಮಾಡಿದರೆ ಸಾಕಿತ್ತು!

ಒಂದು ಮಾತು ಮಾತ್ರ ಗಮನಿಸಬೇಕು. ಆ ನೆಟ್ಸಿನಲ್ಲಿ ನೂರಾರು ಗಂಟೆ ಚೆಂಡು ಹಾಕಿದ ಹುಡುಗನ ಕೈಗೆ ಯಾರೂ ಒಮ್ಮೆಯೂ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಸಾಹೇಬರದ್ದು, ಬೆವರು ಸುರಿಸೋ ಬೌಲಿಂಗ್ ಆಳಿನದ್ದು. ಅದು ಆಗಿನ ಪದ್ಧತಿ. ನಾವಾಗಿದ್ದರೆ ಒಂದು ವಾರಕ್ಕೆ ಬೇಜಾರಾಗಿ ಬಿಟ್ಟಿರ್ತಿದ್ವಿ. ಬಾಲೂ ಆ ಗಂಟೆಗಳನ್ನು ತನ್ನ ಕೈ ಪಳಗಿಸಿಕೊಳ್ಳೋಕೆ ಬಳಸಿಕೊಂಡ. ಎದುರಿಗೆ ಅತ್ಯುತ್ತಮ ಬ್ಯಾಟ್ಸ್‌ಮನ್, ತನ್ನ ಕೈಯಲ್ಲೇ ಉಜ್ಜಿ ತಯಾರಾದ ಪಿಚ್. ಇದಕ್ಕಿಂತ ಒಳ್ಳೆ ಲ್ಯಾಬ್ ಯಾವ ಬೌಲರಿಗೆ ಸಿಗುತ್ತೆ?

ಮೈದಾನದ ಒಳಗೊಂದು ಲೆಕ್ಕ, ಹೊರಗೊಂದು ಲೆಕ್ಕ

ಪುಣೆಯ ಹಿಂದೂ ಕ್ಲಬ್ಬಿಗೆ ಬ್ರಿಟಿಷರನ್ನು ಸೋಲಿಸೋ ಆಸೆ. ಸೋಲಿಸಬಲ್ಲ ಬೌಲರ್ ಊರಲ್ಲೇ ಇದ್ದಾನೆ. ಆದರೆ ಅವನ ಜಾತಿ? ಕ್ಲಬ್ಬಿನಲ್ಲಿ ವಾದವೋ ವಾದ. ಸೇರಿಸಿಕೊಳ್ಳೋಣ ಅಂದವರು ಕೆಲವರು, ಮುಖ ತಿರುಗಿಸಿದವರು ಕೆಲವರು. ಇಂಥ ಬೌಲರನ್ನು ಹೊರಗಿಡೋದು ದಡ್ಡತನ ಅನ್ನೋ ಅರ್ಥದಲ್ಲಿ ಗ್ರೆಗ್ ಕೂಡ ಬಹಿರಂಗವಾಗಿ ಮಾತಾಡಿದರು. ಕೊನೆಗೆ ಬಾಲೂ ಟೀಮಿಗೆ ಬಂದರು.

ಬಂದದ್ದು ಮೈದಾನಕ್ಕೆ ಮಾತ್ರ. ಬಾಲೂ ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು, ಯಾಕಂದರೆ ಮುಟ್ಟದೆ ಆಟ ನಡೆಯೋದಿಲ್ಲ. ಆದರೆ ಟೀ ಬ್ರೇಕ್ ಆದ ಕೂಡಲೇ ಲೆಕ್ಕ ಬದಲಾಗುತ್ತಿತ್ತು. ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿದರೆ, ಬಾಲೂಗೆ ಹೊರಗಡೆ, ಕುಡಿದು ಎಸೆಯೋ ಮಣ್ಣಿನ ಲೋಟದಲ್ಲಿ. ಮುಖ ತೊಳೆಯೋಕೆ ಬೇರೆ ನೀರು, ಅದನ್ನೂ ದಲಿತ ಆಳೇ ಮೈದಾನದ ಮೂಲೆಗೆ ತಂದುಕೊಡಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಸಾತಾರಾದಲ್ಲಿ ಒಂದು ಪಂದ್ಯ. ಬಾಲೂ ಸ್ಪಿನ್ನಿಗೆ ಹೆದರಿದ ಎದುರು ತಂಡದವರು ಪಿಚ್ಚನ್ನು ವಾರಗಟ್ಟಲೆ ರೋಲ್ ಮಾಡಿಸಿ ಇಟ್ಟಿದ್ದರು. ರೋಲರ್ ಎಳೆದೇ ಬೆಳೆದ ಮನುಷ್ಯನಿಗೆ ರೋಲರ್ ತೋರಿಸಿದ ಹಾಗಾಯ್ತು! ಬಾಲೂ 7 ವಿಕೆಟ್ ತೆಗೆದರು. ಗೆಲುವುಗಳು ಹೆಚ್ಚಿದ ಹಾಗೆ ಬೇರೆ ತಟ್ಟೆ, ಬೇರೆ ಮೇಜಿನ ನಿಯಮ ನಿಧಾನವಾಗಿ ಸಡಿಲಾಯಿತು. ಸಡಿಲ ಆಗಿದ್ದು ಅವರ ಮೇಲಿನ ಪ್ರೀತಿಗಿಂತ ವಿಕೆಟ್ ಮೇಲಿನ ಪ್ರೀತಿಗೆ ಅನ್ನೋದು ಬಾಲೂಗೆ ತಿಳಿಯದ್ದೇನೂ ಆಗಿರಲಿಕ್ಕಿಲ್ಲ.

ಬಾಂಬೆಯಿಂದ ಇಂಗ್ಲೆಂಡಿಗೆ

1896ರಲ್ಲಿ ಪುಣೆಗೆ ಪ್ಲೇಗ್ ಬಂತು. ಬಾಲೂ ಬಾಂಬೆಗೆ ಹೋಗಿ ನೌಕರಿ ಮಾಡುತ್ತಾ ಅಲ್ಲಿನ ಹಿಂದೂ ಜಿಮಖಾನಾ ಪರ ಆಡತೊಡಗಿದರು. ಆಗಿನ ಕ್ರಿಕೆಟ್ ಟೀಮುಗಳು ಧರ್ಮದ ಮೇಲೆ ನಿಂತಿದ್ದವು: ಯುರೋಪಿಯನ್ನರದ್ದೊಂದು, ಪಾರ್ಸಿಗಳದ್ದೊಂದು, ಹಿಂದೂಗಳದ್ದೊಂದು, ಆಮೇಲೆ ಮುಸ್ಲಿಮರದ್ದೊಂದು.

1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಎದುರಿಸಿತು. ಹಿಂದೂಗಳು 242 ಮತ್ತು 160. ಯುರೋಪಿಯನ್ನರು 191 ಮತ್ತು 102. ಗೆಲುವು 109 ರನ್ನಿನದು. ಬಾಲೂ ಎರಡು ಇನಿಂಗ್ಸ್ ಸೇರಿಸಿ 8 ವಿಕೆಟ್ ಕಿತ್ತರು. ಆಳುವವರನ್ನು ಆಳಿಸಿಕೊಳ್ಳುವವರು ಅವರದ್ದೇ ಆಟದಲ್ಲಿ ಸೋಲಿಸಿದ್ದು ದೇಶವೆಲ್ಲಾ ಸುದ್ದಿಯಾಯಿತು. ಜಾತಿ ಮರೆತು ಆಡಿದರೆ ಏನಾಗಬಹುದು ಅಂತ ಪತ್ರಿಕೆಗಳೂ ಬರೆದವು.

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್. ಮಹಾರಾಜರಿಗೆ ಮೈದಾನಕ್ಕಿಂತ ಔತಣಕೂಟಗಳ ಗಡಿಬಿಡಿಯೇ ಜಾಸ್ತಿ. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆದರೆ ಬಾಲೂ, ಮೂವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಸರಾಸರಿ 18.84. ಇಂಗ್ಲೆಂಡಿನ ಕೌಂಟಿಗಳು ಇವರನ್ನು ತಮ್ಮಲ್ಲಿ ಆಡಿಸಬಹುದಿತ್ತು ಅನ್ನೋ ಮಟ್ಟಿಗೆ ಹೆಸರಾಯಿತು. ವಾಪಸ್ ಬಂದಾಗ ಬಾಂಬೆಯ ದಲಿತ ಸಮುದಾಯ ಅವರಿಗೆ ಸನ್ಮಾನ ಮಾಡಿತು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಅಂಬೇಡ್ಕರ್ ಅವರಿಗೂ ಬಾಲೂ ಅಂದರೆ ಹೀರೋ.

ನಾಯಕ ಯಾರು?

ಇಷ್ಟಾದ ಮೇಲೆ ಹಿಂದೂ ತಂಡದ ನಾಯಕತ್ವ ಯಾರಿಗೆ ಬರಬೇಕು? ಅನುಭವ ನೋಡಿದರೂ ವಿಕೆಟ್ ನೋಡಿದರೂ ಉತ್ತರ ಒಂದೇ. ಆದರೆ ವರ್ಷ ವರ್ಷ ಬೇರೆಯವರ ಹೆಸರೇ ಬರುತ್ತಿತ್ತು. 1913ರಲ್ಲಿ ನಾಯಕರಾದ ಎಂ. ಡಿ. ಪೈ ಅವರೇ ತಮ್ಮ ಸನ್ಮಾನದ ಸಭೆಯಲ್ಲಿ ಈ ಗೌರವ ನಿಜಕ್ಕೂ ಬಾಲೂ ಅವರದ್ದು ಅಂತ ಒಪ್ಪಿಕೊಂಡರು. ಒಪ್ಪಿಕೊಂಡರೂ ಬದಲಾಗಲಿಲ್ಲ. ಬಾಲೂ ಆಡುತ್ತಲೇ ಹೋದರು.

1920ರ ಪಂದ್ಯಾವಳಿಗೆ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ನಾಯಕ ಪೈ ಅವರಿಗೆ ಮೊದಲ ಪಂದ್ಯ ಆಡೋಕೆ ಆಗಲಿಲ್ಲ. ಆಗ ಬಾಲೂ ತಮ್ಮ ವಿಠ್ಠಲ್ ತಂಡದ ಹಿರಿಯ, ನುರಿತ ಬ್ಯಾಟ್ಸ್‌ಮನ್. ಆದರೆ ನಾಯಕತ್ವ ಹೋಗಿದ್ದು ಅವರಿಗಿಂತ ಕಿರಿಯರಾದ ಪುಣೆಯ ಡಿ. ಬಿ. ದೇವಧರ್ ಅವರಿಗೆ. ದೇವಧರ್ ಒಳ್ಳೆಯ ಆಟಗಾರರೇ, ಅದರ ಬಗ್ಗೆ ತಕರಾರಿಲ್ಲ. ತಕರಾರು ಅಳತೆಗೋಲಿನ ಬಗ್ಗೆ.

ವಿಠ್ಠಲ್ ಮತ್ತು ಶಿವರಾಮ್ ತಂಡದಿಂದ ಹೊರಬಂದರು.

ಹೊರಬಂದ ರೀತಿ ನೋಡಿ. ಕಾಲು ಉಳುಕಿದೆ ಅನ್ನಲಿಲ್ಲ. ನೌಕರಿಯಲ್ಲಿ ರಜೆ ಸಿಗಲಿಲ್ಲ ಅನ್ನಲಿಲ್ಲ. ಆಸಕ್ತಿ ಇಲ್ಲ ಅಂತಲೂ ಅನ್ನಲಿಲ್ಲ. ಜಾತಿಯ ಕಾರಣಕ್ಕೆ ತಮಗೆ ಅನ್ಯಾಯ ಆಗಿದೆ, ಸ್ವಾಭಿಮಾನ ಬಿಟ್ಟು ಆಡೋದು ಸಾಧ್ಯವಿಲ್ಲ ಅನ್ನೋ ಕಾರಣವನ್ನು ಹೇಳಿಕೆ ಬರೆದು ಸಾರ್ವಜನಿಕರ ಮುಂದಿಟ್ಟರು. ಆಯ್ಕೆ ಸಮಿತಿಯ ಬಾಗಿಲ ಹಿಂದಿದ್ದ ಗುಸುಗುಸು ಊರಿಗೇ ಗೊತ್ತಾಯಿತು. ಗಾಂಧೀಜಿ ಅಸ್ಪೃಶ್ಯತೆ ಹೋಗಬೇಕು ಅಂತ ಹೇಳುತ್ತಿದ್ದ ದಿನಗಳವು. ಜನ ಅಣ್ಣತಮ್ಮಂದಿರ ಪರ ನಿಂತರು.

ಫೈನಲ್ಲಿಗೆ ಬರೋವಷ್ಟರಲ್ಲಿ ಸಮಿತಿ ಬಗ್ಗಿತು. ಪೈ ನಾಯಕರಾಗಿ ಮರಳಿದರು. ವಿಠ್ಠಲ್, ಶಿವರಾಮ್ ವಾಪಸ್ ಬಂದರು. ಕೈಬಿಟ್ಟಿದ್ದ ಬಾಲೂ ಉಪನಾಯಕರಾದರು. ಪಂದ್ಯದ ನಡುವೆ ಪೈ ಮೈದಾನದಿಂದ ಹೊರಗೆ ಹೋದಾಗ ತಂಡವನ್ನು ನಡೆಸಿದ್ದು ಬಾಲೂ. ಮೈದಾನದ ಮೂಲೆಯಲ್ಲಿ ಮಣ್ಣಿನ ಲೋಟದಲ್ಲಿ ಚಹಾ ಕುಡಿದ ಮನುಷ್ಯ ಅವತ್ತು ಫೀಲ್ಡರುಗಳಿಗೆ ಎಲ್ಲಿ ನಿಲ್ಲಬೇಕು ಅಂತ ಕೈ ತೋರಿಸಿದರು.

ಮೂರು ವರ್ಷದ ನಂತರ, 1923ರಲ್ಲಿ, ವಿಠ್ಠಲ್ ಹಿಂದೂ ತಂಡದ ನಾಯಕರಾದರು. ತಂಡ ಯುರೋಪಿಯನ್ನರನ್ನು ಸೋಲಿಸಿ ಗೆದ್ದಾಗ ಜನ ಅವರನ್ನು ಹೆಗಲ ಮೇಲೆ ಹೊತ್ತು ಕುಣಿದರು.

ರಿಜಿಸ್ಟರಿನಲ್ಲಿ ಬರೆಯೋ ಕಾರಣ

ನಾನು ಹಾನಗಲ್ ತಾಲೂಕಿನ ಆಡೂರಿನವನು. ಹೆಸರಲ್ಲೇ 'ಆಡು' ಇರೋ ಊರು ಅಂತ ನಾವು ತಮಾಷೆ ಮಾಡ್ತೀವಿ. 1997ರಲ್ಲಿ ಹಾವೇರಿ ಜಿಲ್ಲೆ ಆಗೋವರೆಗೂ ನಮ್ಮದೂ ಧಾರವಾಡ ಜಿಲ್ಲೆಯೇ. ಹಾಗಾಗಿ ಬಾಲೂ ನಮ್ಮ ಜಿಲ್ಲೆಯವರು ಅಂತ ಹೇಳಿಕೊಳ್ಳೋಕೆ ನನಗೆ ಸ್ವಲ್ಪ ಹಕ್ಕಿದೆ ಅನ್ಕೋತೀನಿ. ನಮ್ಮ ಕಡೆ ಹೈಸ್ಕೂಲ್ ಟೀಮಿನ ಕಬಡ್ಡಿ, ಖೊಖೊ ಹುಡುಗರು ತಾಲೂಕು ಮಟ್ಟ ದಾಟೋ ಹೊತ್ತಿಗೆ ಒಬ್ಬೊಬ್ಬರಾಗಿ ಕಡಿಮೆ ಆಗ್ತಾರೆ. ಪ್ರಾಕ್ಟೀಸ್ ಮುಗಿಯೋ ಹೊತ್ತಿಗೆ ಹಳ್ಳಿಯ ಕೊನೆ ಬಸ್ಸು ಹೋಗಿರುತ್ತೆ. ಸುಗ್ಗಿ ಕಾಲಕ್ಕೆ ಹೊಲದಲ್ಲಿ ಆಳು ಬೇಕಿರುತ್ತೆ. ಹೆಣ್ಣುಮಕ್ಕಳಿಗಾದರೆ ಮನೆಯಲ್ಲಿ ಚಡ್ಡಿ ಹಾಕೋ ಆಟ ಸಾಕು ಅಂದಿರ್ತಾರೆ. ಇದ್ಯಾವುದೂ ಎಲ್ಲೂ ದಾಖಲಾಗೋದಿಲ್ಲ. ಆಸಕ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಎಲ್ಲರ ಹೆಸರೂ ಹೊಡೆದುಹೋಗುತ್ತೆ. ಕೊನೆ ಬಸ್ಸಿನ ಸಮಯ ಹಾಗೇ ಉಳಿಯುತ್ತೆ, ಮುಂದಿನ ವರ್ಷದ ಹುಡುಗನೂ ಅದೇ ಕಾರಣಕ್ಕೆ ಬಿಡ್ತಾನೆ.

ವಿಠ್ಠಲ್, ಶಿವರಾಮ್ ಕೂಡ ಸುಮ್ಮನೆ ಮನೆಯಲ್ಲಿ ಕೂತಿದ್ದರೆ? ಲಭ್ಯರಿರಲಿಲ್ಲ ಅನ್ನೋ ಒಂದು ಸಾಲಿನಲ್ಲಿ ಅವರ ಸಿಟ್ಟು ಮುಗಿದು ಹೋಗ್ತಿತ್ತು. ಕಾರಣ ಹೇಳಿ ಬಿಟ್ಟಿದ್ದಕ್ಕೇ ಸಮಿತಿ ಉತ್ತರ ಕೊಡಬೇಕಾಯಿತು.

ಹಾಗಂತ ಉಳಿದುಕೊಂಡ ಬಾಲೂ ಅವರದ್ದು ಹೇಡಿತನ ಅಲ್ಲವೇ ಅಲ್ಲ. 1890ರ ದಶಕದಲ್ಲಿ 4 ರೂಪಾಯಿ ಸಂಬಳದ ಹುಡುಗ ಹೇಳಿಕೆ ಬರೆದಿದ್ದರೆ ಅಚ್ಚು ಹಾಕೋರು ಯಾರಿದ್ದರು? ಅಣ್ಣ ಇಪ್ಪತ್ತೈದು ವರ್ಷ ಆಡಿ ಗಳಿಸಿದ ಹೆಸರಿನ ಬಲದ ಮೇಲೇ ತಮ್ಮಂದಿರ ಮಾತಿಗೆ ತೂಕ ಬಂದಿದ್ದು. ಇರೋದಕ್ಕೂ ಬಿಡೋದಕ್ಕೂ ಅದರದರ ಕಾಲ ಇರುತ್ತೆ.

ಆಮೇಲೆ

ಬಾಲೂ ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಪಡೆದರು, ಸರಾಸರಿ 15.21. ಆಟ ಮುಗಿದ ಮೇಲೆ ರಾಜಕೀಯಕ್ಕೆ ಬಂದರು. ಗಾಂಧೀಜಿ ಕಡೆ ವಾಲಿದ ಬಾಲೂ ಮತ್ತು ಅಂಬೇಡ್ಕರ್ ದಾರಿಗಳು ಬೇರೆಯಾದವು. 1937ರ ಬಾಂಬೆ ಪ್ರಾಂತೀಯ ಚುನಾವಣೆಯಲ್ಲಿ ಬಾಲೂ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ವಿರುದ್ಧವೇ ನಿಂತರು. ಅಂಬೇಡ್ಕರ್ 13,245, ಬಾಲೂ 11,225. ಸೋತರು. 1955ರ ಜುಲೈನಲ್ಲಿ ತೀರಿಕೊಂಡರು. ತಂಡದ ಪೂರ್ಣಾವಧಿ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ.

ಈ ಸೆಮಿಸ್ಟರಿನಲ್ಲಿ ಟೀಮ್ ಬಿಡೋ ಯೋಚನೆ ನಿಮಗಿದ್ದರೆ ಬಿಡಬೇಡಿ ಅಂತ ನಾನು ಹೇಳೋದಿಲ್ಲ. ಒಂದು ಸಂಜೆ ಟೀಮಿಲ್ಲದೆ, ಕೋಚ್ ಇಲ್ಲದೆ, ಹಾಸ್ಟೆಲ್ ಹಿಂದಿನ ಬಯಲಿನಲ್ಲಿ ಸುಮ್ಮನೆ ಆಡಿ ನೋಡಿ. ಖುಷಿ ಆಗಲಿಲ್ಲ ಅಂದರೆ ಆಟ ಮುಗಿದಿದೆ, ಧೈರ್ಯವಾಗಿ ಬಿಡಿ, ಬೇರೇನಾದರೂ ಹಿಡಿಯಿರಿ. ಖುಷಿ ಆಯ್ತು ಅಂದರೆ ಸಾಕಾಗಿರೋದು ಬೇರೆ ಏನೋ. ಅದೇನು ಅಂತ ಹೆಸರಿಟ್ಟು ಕ್ಯಾಪ್ಟನ್ನಿಗೋ ಸ್ಪೋರ್ಟ್ಸ್ ಸೆಕ್ರೆಟರಿಗೋ ಹೇಳಿ. ಆಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ. ಗ್ರೂಪಿನಿಂದ ಹೊರಗೆ ಬರೋ ಮುಂಚೆ ನಿಜವಾದ ಕಾರಣವನ್ನು ಒಂದು ಸಾಲು ಟೈಪ್ ಮಾಡಿ. ನಿಮ್ಮ ನಂತರ ಆ ಟೀಮಿಗೆ ಬರೋ ಜೂನಿಯರಿಗೆ ಅದು ಬೇಕಾಗುತ್ತೆ.