ಮಹಾರಾಣಿ ಲಕ್ಷ್ಮಮ್ಮಣ್ಣಿ: ತೆರೆಯ ಹಿಂದಿನ ಬಾಳು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕುಲೀನ ಸ್ತ್ರೀಯರ ಭಾವಚಿತ್ರಗಳು ಮೆಜೋಟಿಂಟ್ ಎಂಬ ಮುದ್ರಣದ ಮೂಲಕ ಅಂಗಡಿಗಳಿಗೂ ಬರುತ್ತಿದ್ದವು. ತಾಮ್ರದ ತಗಡನ್ನು ಮೊದಲು ಪೂರ್ತಿ ತರಿತರಿಯಾಗಿಸಿ, ಅನಂತರ ಬೇಕಾದೆಡೆ ಹೆರೆದು ನಯಗೊಳಿಸಿ, ಕಪ್ಪಿನೊಳಗಿಂದ ಬೆಳಕನ್ನು ತೆಗೆಯುವ ವಿಧಾನವದು. ಜೋಷುವಾ ರೆನಾಲ್ಡ್ಸ್ ಚಿತ್ರಿಸಿದ ಡೆವನ್‌ಷೈರಿನ ಡಚೆಸ್ ಜಾರ್ಜಿಯಾನಳ ರೂಪವನ್ನು 1780ರಲ್ಲಿ ವ್ಯಾಲೆಂಟೈನ್ ಗ್ರೀನ್ ಹೀಗೆ ಅಚ್ಚಿಗಿಳಿಸಿದನು. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಅಂತಃಪುರದಲ್ಲಿದ್ದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಮುಖವನ್ನು ಹೊರಗಿನವರು ಕಂಡವರಲ್ಲ. ಅವರ ಸಂದೇಶ ಮಾತ್ರ ಗಡಿಗಳನ್ನು ದಾಟುತ್ತಿತ್ತು.

ಕತ್ತಿ ಗೋಪಾಲರಾಜೇ ಅರಸಿನವರ ಪುತ್ರಿಯಾದ ಇವರು ಇಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿದರು. 1761ರಲ್ಲಿ ರಾಜ್ಯಾಧಿಕಾರ ಹೈದರಾಲಿಯ ವಶವಾಯಿತು. 1766ರಲ್ಲಿ ಒಡೆಯರು ತೀರಿಕೊಂಡರು. ಅನಂತರ ಪಟ್ಟವೇರಿದವರು ಹೆಸರಿಗಷ್ಟೇ ಅರಸರು. ರಾಣಿಯವರು ಎದೆಗುಂದಲಿಲ್ಲ. ಪ್ರಧಾನ ತಿರುಮಲರಾಯರ ಮೂಲಕ ಈಸ್ಟ್ ಇಂಡಿಯಾ ಕಂಪನಿಯೊಡನೆ ಗುಟ್ಟಿನ ಮಾತುಕತೆ ನಡೆಸಿದರು. 1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ಜಾನ್ ಸಲಿವನ್‌ನೊಡನೆ ಒಪ್ಪಂದವಾಯಿತು. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ವಿರುದ್ಧ ಹೂಡಿದ ಸಂಚು ಬಯಲಾಗಿ ಹಲವರು ಪ್ರಾಣ ತೆತ್ತರು. ಅದೇ ವರ್ಷ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡನ್ನೂ ಕೊಯಮತ್ತೂರನ್ನೂ ಹಿಡಿದನಾದರೂ, 1784ರ ಮಂಗಳೂರು ಒಪ್ಪಂದದಿಂದ ಗೆದ್ದ ನೆಲ ಮತ್ತೆ ಟಿಪ್ಪುವಿಗೇ ಸೇರಿತು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡಾಗ ಟಿಪ್ಪು ಮತ್ತೊಬ್ಬರಿಗೆ ಪಟ್ಟ ಕಟ್ಟಲಿಲ್ಲ. ರಾಜಕುಟುಂಬ ಅರಮನೆಯಿಂದಲೇ ಹೊರಬೀಳಬೇಕಾಯಿತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಪೂರ್ಣಯ್ಯನವರು ದಿವಾನರಾದರು. ರಾಣಿಯವರ ಹರಕೆ ಕೈಗೂಡಿತು, ಆದರೆ ಕೈಗೆ ಬಂದ ರಾಜ್ಯ ಮೊದಲಿನದಲ್ಲ. ಕೊಯಮತ್ತೂರು, ಕನ್ನಡ ಜಿಲ್ಲೆ, ವಯನಾಡು ಕಂಪನಿಯ ಪಾಲಾದವು. ಉಳಿದ ಸೀಮೆ ಕಂಪನಿಯ ಸೈನ್ಯಕ್ಕೆ ವರ್ಷ ವರ್ಷವೂ ಹಣ ತೆರಬೇಕಾಯಿತು. ಕೊಯಮತ್ತೂರು ಸೀಮೆಯ ಕನ್ನಡಿಗರು ಮೈಸೂರಿನ ಆಡಳಿತದಿಂದ ಬೇರ್ಪಟ್ಟದ್ದು ಆ ವರ್ಷವೇ.

1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಐರಿಷ್ ಕಲಾವಿದನು ಮೂವರು ಸ್ತ್ರೀಯರ ತೈಲಚಿತ್ರ ಬರೆದನು. ಬಹುಕಾಲ ಅವರನ್ನು ನರ್ತಕಿಯರೆಂದು ಭಾವಿಸಲಾಗಿತ್ತು. ಬಲಗಡೆಯ ಕಿರಿಯಳು ಸೆರಗು ಸರಿಸಿ ತೋಳು ತೋರುವುದು ಸಿಡುಬಿನ ಲಸಿಕೆಯ ಗುರುತನ್ನು ಕಾಣಿಸಲೆಂದೂ, ನಡುವೆ ಇರುವವರು ಲಕ್ಷ್ಮಮ್ಮಣ್ಣಿಯವರೇ ಇರಬಹುದೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಹೊಸ ವಿದ್ಯೆಗೆ ಜನ ಅಂಜುತ್ತಿದ್ದ ದಿನಗಳವು. ಈ ಊಹೆ ನಿಜವಾದರೆ, ತೆರೆಯ ಹಿಂದೆ ಬಾಳಿದ ರಾಣಿಯವರು ಪ್ರಜೆಗಳ ಪ್ರಾಣರಕ್ಷಣೆಯ ಕಾರ್ಯಕ್ಕಾಗಿ ತೆರೆಯ ಹೊರಗೆ ಬಂದಂತಾಯಿತು.

1810ರಲ್ಲಿ ಅವರು ಕಾಲವಾದರು. ಪರರ ನೆರವಿನಿಂದ ಮನೆತನವನ್ನು ಉಳಿಸಿದ ಅವರ ನಡೆಯನ್ನು ತೂಗುವವರು ಉಳಿದದ್ದನ್ನೂ ಕಳೆದದ್ದನ್ನೂ ಒಟ್ಟಿಗೆ ತಕ್ಕಡಿಗೆ ಇಡಬೇಕು. ಅವರ ಮುಖ ಇಂದಿಗೂ ಊಹೆಯ ವಿಷಯ. ಮೂರು ದಶಕಗಳಿಗೂ ಮೀರಿದ ಅವರ ಛಲ ಊಹೆಯಲ್ಲ.